ಕಾಸರಗೋಡಿನ ಹಳೆ ಪೇಟೆಯಲ್ಲಿ ಸ್ಟುಡಿಯೋ ಮನೆ: ಮುಂಗಡ ಕೊಡುವ ಮುಂಚೆ ನೋಡಬೇಕಾದದ್ದು

ವಿದ್ಯಾನಗರದ ಕಚೇರಿಗಳಿಗೆ, ಕೂಡ್ಲಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೆಲಸಕ್ಕೋ ಓದಿಗೋ ಬರುವ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಹಳೆ ಬಸ್ ನಿಲ್ದಾಣದ ಸುತ್ತ ಹಳೆ ಮನೆಗಳನ್ನು ರಿಪೇರಿ ಮಾಡಿ ಸ್ಟುಡಿಯೋ ಅಂತ ಬಾಡಿಗೆಗೆ ಕೊಡುತ್ತಿದ್ದಾರೆ. ನೋಡಲು ಚೆನ್ನಾಗಿದೆ. ಹಿಡಿಯಬಹುದೇ?"

ಹಿಡಿಯಬಹುದು. ಆದರೆ ಹೊಸತಾಗಿರುವುದು ಬಣ್ಣ, ಟೈಲ್ಸ್, ನಲ್ಲಿ ಇಷ್ಟೇ. ಮಾಡು (ಚಾವಣಿ), ಗೋಡೆ, ಬಾವಿ, ಕಕ್ಕಸುಗುಂಡಿ, ಮೀಟರು ಹಳೆಯವೇ. ನೀವು ಬಾಡಿಗೆ ಕೊಡುವುದು ಹೊಸ ಕೋಣೆಗೆ, ವಾಸ ಮಾಡುವುದು ಹಳೆ ಮನೆಯಲ್ಲಿ. ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ಹಳೆಯದನ್ನು.

ಸ್ಟುಡಿಯೋ ಅಂದರೆ ಮಲಗುವ ಜಾಗ, ಅಡುಗೆಯ ಕಟ್ಟೆ, ಕೂರುವ ಜಾಗ ಎಲ್ಲವೂ ಒಂದೇ ಕೋಣೆಯಲ್ಲಿದ್ದು, ಬಚ್ಚಲು-ಶೌಚಾಲಯ ಮಾತ್ರ ಪ್ರತ್ಯೇಕ ಇರುವ ಮನೆ. ತಳಂಗರೆ, ನೆಲ್ಲಿಕುಂಜ, ಕೋಟೆಕಣಿ, ಬೀರಂತಬೈಲು ಕಡೆಯ ಹಳೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆಗಳನ್ನು ಮೂರು-ನಾಲ್ಕು ಪಾಲು ಮಾಡಿ ಒಂದೊಂದಕ್ಕೆ ಬಚ್ಚಲು ಸೇರಿಸಿದರೆ ಇಂಥ ಸ್ಟುಡಿಯೋ ಆಗುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಪಾಲು ಮಾಡುವಲ್ಲಿಯೇ ಹುಟ್ಟುತ್ತವೆ.

ನೋಡಲು ಹೋಗುವಾಗ ಜೊತೆಗಿರಲಿ: ಟಾರ್ಚ್ ಇರುವ ಫೋನು, ಅಳತೆ ಟೇಪು, ಮೂರು ಪಿನ್ನಿನ ಸಾಕೆಟ್ ಟೆಸ್ಟರ್ (ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅರ್ತಿಂಗ್ ಇದೆಯೇ ಇಲ್ಲವೇ ಎಂದು ದೀಪದಲ್ಲಿ ತೋರಿಸುತ್ತದೆ), ಮಕ್ಕಳಾಡುವ ಒಂದು ಗಾಜಿನ ಗೋಲಿ, ಒಂದು ನಾಣ್ಯ, ಮುಚ್ಚಳವಿರುವ ಖಾಲಿ ನೀರಿನ ಬಾಟಲಿ.

ಹಂತ 1: ಹೋಗುವ ಮುಂಚೆ ಫೋನಿನಲ್ಲಿ ಕೇಳುವ ಐದು ಪ್ರಶ್ನೆ

ಮೇಲೆ ಹಂಚೋ, ಕಾಂಕ್ರೀಟೋ, ಶೀಟೋ? ಕೋಣೆಗೆ ವಿದ್ಯುತ್ ಮಂಡಳಿಯ ಸ್ವಂತ ಮೀಟರು ಇದೆಯೋ, ಮಾಲಕರು ಹಾಕಿಸಿದ ಸಬ್-ಮೀಟರೋ? ನೀರು ಬಾವಿಯದೋ, ಬೋರಿನದೋ, ಜಲ ಪ್ರಾಧಿಕಾರದ ನಲ್ಲಿಯದೋ? ಕೋಣೆಗೆ ನಗರಸಭೆಯ ಪ್ರತ್ಯೇಕ ಕಟ್ಟಡ ಸಂಖ್ಯೆ ಇದೆಯೇ? ಮಾತಾಡುತ್ತಿರುವವರು ಮಾಲಕರೋ, ನೋಡಿಕೊಳ್ಳುವವರೋ, ಬ್ರೋಕರೋ?

ಬ್ರೋಕರಾದರೆ ಕಮಿಷನ್ ಎಷ್ಟು, ಯಾವಾಗ ಎಂಬುದನ್ನು ಆಗಲೇ ಮಾತಾಡಿಬಿಡಿ. ಕರಾರಿಗೆ ಸಹಿ ಬೀಳುವ ಮುಂಚೆ ಕೊಡಬೇಡಿ. "ಇನ್ನೊಬ್ಬರು ಸಂಜೆ ಬರುತ್ತಾರೆ, ಟೋಕನ್ ಹಾಕಿ" ಎಂಬ ಅವಸರಕ್ಕೆ ಹಣ ಕಳುಹಿಸಿದರೆ ಅದನ್ನು ವಾಪಸು ಪಡೆಯುವುದು ಕಷ್ಟ.

ಹಂತ 2: ಮಾಡು ಮತ್ತು ಗೋಡೆ

ಸಾಧ್ಯವಾದರೆ ಜೂನ್-ಜುಲೈಯಲ್ಲಿ, ಒಂದು ಜೋರು ಮಳೆ ಬಿಟ್ಟ ಮೇಲೆ ಹೋಗಿ. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಒಣಗಿರುವ ಮನೆಗೆ ಬೇರೆ ಸರ್ಟಿಫಿಕೇಟ್ ಬೇಡ. ಬೇಸಿಗೆಯಲ್ಲಿ ನೋಡುವುದಾದರೆ ಗುರುತು ಹುಡುಕಬೇಕು.

ಹಂಚಿನ ಮಾಡಿನ ಕೆಳಗೆ ಜಿಪ್ಸಮ್ ಅಥವಾ ಪಿವಿಸಿ ಸೀಲಿಂಗ್ ಹೊಡೆದಿದ್ದರೆ ಅದರ ಮೇಲೇನಾಗಿದೆ ಎಂಬುದು ಕಾಣುವುದಿಲ್ಲ. ಸೀಲಿಂಗಿನಲ್ಲಿ ತೆರೆಯುವ ಮುಚ್ಚಳ ಇದ್ದರೆ ತೆಗೆಸಿ ಟಾರ್ಚ್ ಬಿಡಿ. ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳ ಮೇಲೆ ಕಪ್ಪು ನೀರಿನ ಗೆರೆ, ಗೆದ್ದಲಿನ ಮಣ್ಣಿನ ಕೊಳವೆ, ಹಂಚಿನ ಸಂದಿಯಲ್ಲಿ ಬೆಳಕು ಕಂಡರೆ ಮಾಲಕರಲ್ಲಿ ಕೇಳಿ. ಮುಚ್ಚಳವೇ ಇಲ್ಲದಿದ್ದರೆ ನಾಲ್ಕು ಮೂಲೆಗಳಲ್ಲಿ ಕಂದು ಬಣ್ಣದ ಕಲೆ ಇದೆಯೇ ನೋಡಿ. ಸೀಲಿಂಗಿನ ಒಂದೇ ತುಂಡು ಹೊಸ ಬಿಳಿ, ಉಳಿದದ್ದು ಸ್ವಲ್ಪ ಮಾಸಿದ ಬಿಳಿ ಎಂದಾದರೆ ಆ ತುಂಡಿನ ಮೇಲೆ ಸೋರಿಕೆ ಇತ್ತು ಎಂದೇ ತಿಳಿಯಿರಿ. ಹೆಚ್ಚು ಸೋರುವುದು ಎರಡು ಮಾಡು ಕೂಡುವಲ್ಲಿ ಮಳೆನೀರು ಹರಿಯಲು ಇಟ್ಟ ತಗಡಿನ ದೋಣಿಯಲ್ಲಿ. ಮನೆ ಪಾಲು ಮಾಡಿ ಹಿಂದುಗಡೆ ಬಚ್ಚಲು ಸೇರಿಸಿದಾಗ ಹಳೆ ಮಾಡಿಗೆ ಹೊಸ ಮಾಡು ಸೇರುವ ಜಾಗ ಅದು. ಹೊರಗೆ ಹೋಗಿ ನೋಡಿ. ದೋಣಿಯಲ್ಲಿ ತೆಂಗಿನ ಗರಿ, ಎಲೆ ತುಂಬಿದ್ದರೆ ಮಳೆಯ ನೀರು ಒಳಕ್ಕೇ ಹೋಗುವುದು.

ಕಾಂಕ್ರೀಟ್ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟ್ ಹೊದಿಸಿದ್ದರೆ ಮಳೆಗೆ ಒಳ್ಳೆಯದು. ಸೆಕೆಗೂ ಒಳ್ಳೆಯದು, ನಡುವೆ ಗಾಳಿಯಾಡುವ ಎಡೆ ಇದ್ದರೆ. ಆದರೆ ಶೀಟಿನ ಕೆಳಗೇ ನೇರ ಕೋಣೆ ಮಾಡಿ "ಟಾಪ್ ಫ್ಲೋರ್ ಸ್ಟುಡಿಯೋ" ಎಂದರೆ ಬೇಡ. ಮಾರ್ಚಿನಿಂದ ಮೇ ತನಕ ಹಗಲು ಅದರೊಳಗೆ ಕೂರಲಾಗುವುದಿಲ್ಲ, ಮಳೆಗಾಲದಲ್ಲಿ ಫೋನಿನ ಮಾತು ಕೇಳುವುದಿಲ್ಲ.

ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮುರಕಲ್ಲು ತೂತು-ತೂತಾದ ಕಲ್ಲು, ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಹಳೆ ಕಾಲದ ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತಿತ್ತು. ರಿಪೇರಿಯಲ್ಲಿ ಅದರ ಮೇಲೆ ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವಕ್ಕೆ ಹೊರಹೋಗುವ ದಾರಿ ಇಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೊರಬರುತ್ತದೆ, ಮಂಚದ ಹಿಂದೆ ಬೂಷ್ಟು ಹಿಡಿಯುತ್ತದೆ. ನೆಲದಿಂದ ಒಂದು ಮೀಟರ್ ಎತ್ತರದ ತನಕದ ಗೋಡೆಯನ್ನು ಟಾರ್ಚಿನಿಂದ ನೋಡಿ, ಬೆಳಕನ್ನು ನೇರ ಬಿಡದೆ ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಬಿಡಿ. ಉಬ್ಬು-ತಗ್ಗುಗಳೆಲ್ಲ ನೆರಳಾಗಿ ಎದ್ದು ಕಾಣುತ್ತವೆ. ಸೊಂಟದೆತ್ತರಕ್ಕೆ ಮಾತ್ರ ಪಿವಿಸಿ ಹಲಗೆ ಅಂಟಿಸಿದ್ದರೆ ಯಾಕೆ ಅಂಟಿಸಿದ್ದು ಎಂದು ಕೇಳಿ. ಬಹಳ ಸಲ ಅದು ಅಲಂಕಾರಕ್ಕಲ್ಲ, ತೇವ ಮುಚ್ಚಲು. ಮೂಗಿಗೂ ಕೆಲಸ ಕೊಡಿ: ಕಪಾಟಿನ ಬಾಗಿಲು ತೆರೆದ ಕೂಡಲೇ ಬೂಷ್ಟಿನ ವಾಸನೆ ಬಂದರೆ ಆ ಗೋಡೆ ಒಣಗುವುದಿಲ್ಲ.

ನೆಲದ ಟೈಲ್ಸ್ ಮೇಲೆ ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಹಿಡಿದಿಲ್ಲ. ಮುಂದೆ ಅದು ಬಿರುಕು ಬಿಟ್ಟರೆ ನೀವು ಒಡೆದದ್ದು ಎನ್ನಬಾರದಲ್ಲ, ಫೋಟೋ ತೆಗೆದಿಡಿ.

ಹಂತ 3: ಕರೆಂಟು

ಹಣ ಸೋರಿಹೋಗುವುದು ಇಲ್ಲಿ, ಜೀವಕ್ಕೆ ಅಪಾಯವೂ ಇಲ್ಲೇ.

ಮೊದಲು ಹಣ. ಕೇರಳದಲ್ಲಿ ಮನೆಯ ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳಿಗೆ 250 ಯೂನಿಟ್ ತನಕ ಮೆಟ್ಟಿಲು ಲೆಕ್ಕ: ಮೊದಲ 50ಕ್ಕೆ ಕಡಿಮೆ ದರ, ಮುಂದಿನ 50ಕ್ಕೆ ಸ್ವಲ್ಪ ಹೆಚ್ಚು, ಹೀಗೆ. ಆದರೆ 250 ದಾಟಿದರೆ ಮೆಟ್ಟಿಲು ಹೋಗಿ, ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಮೇಲಿನ ಒಂದೇ ದರ ಬೀಳುತ್ತದೆ. ಈಗ ನಾಲ್ಕು ಪಾಲಾದ ಮನೆಗೆ ಮಂಡಳಿಯ ಮೀಟರು ಒಂದೇ ಇದೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರು ತಿಂಗಳಿಗೆ 70 ಯೂನಿಟ್ ಉರಿಸಿದರೂ ಒಟ್ಟು 280. ಒಬ್ಬರೇ ಇದ್ದಿದ್ದರೆ ಕೆಳಗಿನ ಎರಡು ಮೆಟ್ಟಿಲಲ್ಲೇ ಮುಗಿಯುತ್ತಿದ್ದ ನಿಮ್ಮ 70 ಯೂನಿಟ್‌ಗೂ ಮೇಲಿನ ದರ. ಪಕ್ಕದ ಕೋಣೆಯವರು ಏಸಿ ಹಾಕಿದರೆ ಕೇಳುವುದೇ ಬೇಡ; 1 ಟನ್ನಿನ ಏಸಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 5-6 ಯೂನಿಟ್ ಆಗುತ್ತದೆ.

ಆದ್ದರಿಂದ ಮಂಡಳಿಯ ಸ್ವಂತ ಮೀಟರು ಇರುವ ಕೋಣೆಗೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿ. ಸಬ್-ಮೀಟರ್ ಅಂದರೆ ಮಾಲಕರು ಒಳಗೆ ತಾವೇ ಹಾಕಿಸಿದ ಅಳತೆಯ ಮೀಟರು. ಅದೇ ಇರುವುದಾದರೆ ಹೀಗೆ ಬರೆಸಿಕೊಳ್ಳಿ: ಒಟ್ಟು ಬಿಲ್ಲಿನ ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ, ಬಂದ ದರಕ್ಕೆ ನಿಮ್ಮ ಯೂನಿಟ್ ಗುಣಿಸಿದಷ್ಟು ಮಾತ್ರ ಕೊಡುವುದು, ಪ್ರತಿಸಲ ಮೂಲ ಬಿಲ್ಲಿನ ಫೋಟೋ ಕೊಡುವುದು. "ಯೂನಿಟ್‌ಗೆ ಇಷ್ಟು ರೂಪಾಯಿ" ಎಂಬ ದುಂಡು ದರಕ್ಕೆ ಒಪ್ಪಬೇಡಿ. ಬಾವಿಯ ಪಂಪು, ಅಂಗಳದ ದೀಪ ಯಾರ ಮೀಟರಿನಲ್ಲಿ ಎಂಬುದನ್ನೂ ಕೇಳಿ.

ಇದನ್ನು ನೋಡುವ ಉಪಾಯ ಸುಲಭ. ಕೋಣೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ ಕೀಳಿ, ಮೀಟರಿನ ಎದುರು ಐದು ನಿಮಿಷ ನಿಲ್ಲಿ. ಮಿಣುಕುವ ಕೆಂಪು ದೀಪ ನಿಲ್ಲಬೇಕು. ಮಿಣುಕುತ್ತಲೇ ಇದ್ದರೆ ಬೇರೆ ಯಾರದೋ ಲೈನ್ ನಿಮ್ಮ ಮೀಟರಿನಲ್ಲಿದೆ, ಇಲ್ಲವೇ ವೈರಿನಲ್ಲಿ ಸೋರಿಕೆ ಇದೆ. ಎರಡೂ ಸರಿಯಲ್ಲ.

ಇನ್ನು ಜೀವದ ಮಾತು. ಒದ್ದೆ ಗೋಡೆ, ಹಳೆ ವೈರು ಸೇರಿದರೆ ಗೋಡೆಯೇ ಶಾಕ್ ಹೊಡೆಯುತ್ತದೆ. ಅದಕ್ಕೆ ರಕ್ಷಣೆ ಆರ್‌ಸಿಸಿಬಿ. ಕರೆಂಟು ಮೈಮೂಲಕ ನೆಲಕ್ಕೆ ಹರಿಯತೊಡಗಿದರೆ ತಕ್ಷಣ ಲೈನ್ ಕಡಿಯುವ ಸಾಧನ. ಮನೆಗೆ ಬೇಕಾದದ್ದು 30 ಮಿಲಿ ಆಂಪಿಯರಿನದು. ಆ ಸಂಖ್ಯೆ ಅದರ ಮೇಲೆ ಮುದ್ರಿಸಿರುತ್ತದೆ. ಅದರಲ್ಲಿ "ಟಿ" ಅಕ್ಷರದ ಗುಂಡಿ ಇರುತ್ತದೆ. ಮಾಲಕರ ಎದುರಲ್ಲೇ ಒತ್ತಿ. ಟಕ್ ಎಂದು ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಬದಲಿಸಿ ಕೊಡುವ ತನಕ ಮುಂಗಡ ಕೊಡಬೇಡಿ. ಎಂಸಿಬಿ ಇದೆಯಲ್ಲ ಎಂದು ಸಮಾಧಾನ ಹೇಳುತ್ತಾರೆ. ಎಂಸಿಬಿ ವೈರು ಸುಡುವುದನ್ನು ತಪ್ಪಿಸುತ್ತದೆ, ಮನುಷ್ಯನಿಗೆ ಶಾಕ್ ಹೊಡೆಯುವುದನ್ನಲ್ಲ.

ಸಾಕೆಟ್ ಟೆಸ್ಟರನ್ನು ಅಡುಗೆ ಕಟ್ಟೆ, ಬಚ್ಚಲು, ಮಂಚದ ಪಕ್ಕ ಮೂರೂ ಕಡೆ ಚುಚ್ಚಿ ನೋಡಿ. ಮೂರು ತೂತಿನ ಹೊಸ ಸಾಕೆಟ್ ಇದ್ದ ಮಾತ್ರಕ್ಕೆ ಒಳಗೆ ಅರ್ತ್ ವೈರು ಇದೆ ಎಂದಲ್ಲ. 3 ಕಿಲೋವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ, 2 ಕಿಲೋವಾಟಿನ ಇಂಡಕ್ಷನ್ ಒಲೆ ಸುಮಾರು 9. ಇವಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್, ಬೋರ್ಡಿನಿಂದ ಪ್ರತ್ಯೇಕ ಲೈನ್ ಬೇಕು. 6 ಆಂಪಿಯರಿನ ಸಣ್ಣ ಸಾಕೆಟ್‌ಗೆ ಕನ್ವರ್ಟರ್ ಪ್ಲಗ್ ಹಾಕಿ ಇಂಡಕ್ಷನ್ ನಡೆಸಿದರೆ ಸಾಕೆಟ್ ಕರಗುತ್ತದೆ.

ಹಂತ 4: ನೀರು, ಬಚ್ಚಲು, ಕಕ್ಕಸುಗುಂಡಿ

ಮುರಕಲ್ಲಿನ ಮಣ್ಣಿನ ಬಾವಿ ನೀರಿನಲ್ಲಿ ಕಬ್ಬಿಣದಂಶ ಮತ್ತು ಹುಳಿ ಗುಣ ಎರಡೂ ಇರಬಹುದು. ತಂದ ಬಾಟಲಿಯಲ್ಲಿ ನೀರು ತುಂಬಿ ಮನೆಗೆ ಒಯ್ದು ಒಂದು ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ಕಂದು ಗಸಿ ಇಳಿದಿದ್ದರೆ ಕಬ್ಬಿಣ. ಬಿಳಿ ಬಟ್ಟೆ ಹಳದಿಯಾಗುತ್ತದೆ. ಬಚ್ಚಲಿನ ತಾಮ್ರ-ಹಿತ್ತಾಳೆಯ ನಲ್ಲಿಯ ಕೆಳಗೆ ಹಸಿರು ಮಿಶ್ರಿತ ನೀಲಿ ಕಲೆ ಇದ್ದರೆ ಹುಳಿ ನೀರು. ಕಡಲು ಅಥವಾ ಚಂದ್ರಗಿರಿ ಹೊಳೆಯ ಮಗ್ಗುಲಿನ ಮನೆಯಾದರೆ ಮಳೆಗಾಲದ ಸಿಹಿನೀರನ್ನು ನೋಡಿ ನಂಬಬೇಡಿ. "ಎಪ್ರಿಲ್-ಮೇಯಲ್ಲಿ ಉಪ್ಪಾಗುತ್ತದೆಯೇ, ಟ್ಯಾಂಕರ್ ತರಿಸುತ್ತೀರಾ, ಅದರ ಹಣ ಯಾರದು?" ಎಂದು ಕೇಳಿ, ಮಾಲಕರಲ್ಲಿ ಮಾತ್ರವಲ್ಲ, ಪಕ್ಕದ ಮನೆಯ ಅಕ್ಕನಲ್ಲೂ ಕೇಳಿ.

ಬಾವಿಗೂ ಕಕ್ಕಸಿನ ಇಂಗುಗುಂಡಿಗೂ ನಡುವೆ ಕನಿಷ್ಠ 7.5 ಮೀಟರ್ ಅಂತರ ಇರಬೇಕು ಎಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಹಳೆ ಹಿತ್ತಲಿನಲ್ಲಿ ಹೊಸ ಬಚ್ಚಲಿಗೆಂದು ಎಡೆ ಹುಡುಕಿ ಗುಂಡಿ ತೋಡಿದಾಗ ತಪ್ಪುವುದು ಈ ಅಂತರವೇ. ಟೇಪು ಹಿಡಿದು ಅಳೆಯಿರಿ, ಪಕ್ಕದ ಮನೆಯ ಗುಂಡಿಯನ್ನೂ ಸೇರಿಸಿ. ಅಂತರ ಕಡಿಮೆ ಇದ್ದರೆ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ಕೋಲಿಫಾರ್ಮ್ ಪರೀಕ್ಷೆ (ಮಲದಿಂದ ಬರುವ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದು) ಮಾಡಿಸದೆ ಆ ನೀರು ಕುಡಿಯಬೇಡಿ. ಒಂದು ಕುಟುಂಬಕ್ಕೆಂದು ತೋಡಿದ ಗುಂಡಿಗೆ ಈಗ ನಾಲ್ಕು ಶೌಚಾಲಯ ಸೇರಿದ್ದರೆ ಮಳೆಗಾಲದಲ್ಲಿ ತುಂಬಿ ಹಿಂದಕ್ಕೆ ಬರುತ್ತದೆ. ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಬಚ್ಚಲಿನಲ್ಲಿ ಗೋಲಿಯನ್ನು ನೆಲಕ್ಕೆ ಬಿಡಿ. ಅದು ನೀರು ಹೋಗುವ ಜಾಲರಿಯತ್ತ ಉರುಳಬೇಕು. ಬಾಗಿಲಿನತ್ತ ಬಂದರೆ ಸ್ನಾನದ ನೀರೂ ಮಂಚದತ್ತ ಬರುತ್ತದೆ. ಒಂದು ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಬೇಕು. ಜಾಲರಿ ಎತ್ತಿ ನೋಡಿ. ಒಳಗೆ ನೀರು ನಿಂತಿರಬೇಕು. ಗುಂಡಿಯ ವಾಸನೆ ಮೇಲೆ ಬಾರದ ಹಾಗೆ ತಡೆಯುವುದು ಆ ನೀರೇ. ಬರೀ ಪೈಪು ಕಂಡರೆ ಟ್ರ್ಯಾಪ್ ಇಟ್ಟಿಲ್ಲ, ವಾಸನೆ ತಪ್ಪುವುದಿಲ್ಲ. 15 ಲೀಟರಿನ ಬಕೆಟ್ ತುಂಬಲು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಟ್ಯಾಂಕಿನ ಎತ್ತರ ಸಾಲದು. ಶವರ್ ಹೆಸರಿಗೆ ಮಾತ್ರ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ, ಸ್ಟುಡಿಯೋದಲ್ಲಿ ನೀವು ಮಲಗುವುದೂ ಅದೇ ಕೋಣೆಯಲ್ಲಿ. ಸಿಲಿಂಡರ್ ಹೊರಗಿಡಲು ಜಾಗ, ಅಥವಾ ಕಟ್ಟೆಯ ಕೆಳಗೆ ನೆಲದ ಮಟ್ಟದಲ್ಲಿ ಹೊರಕ್ಕೆ ಗಾಳಿಯ ಕಿಂಡಿ ಇಲ್ಲದಿದ್ದರೆ ಇಂಡಕ್ಷನ್ನಿನಲ್ಲೇ ಅಡುಗೆ ಮಾಡಿ.

ಹಂತ 5: ದಾಖಲೆ

ಮೂರು ಸಾಕು: ನಗರಸಭೆಯ ಕಟ್ಟಡ ತೆರಿಗೆಯ ಈ ವರ್ಷದ ರಸೀದಿ, ಮಾಲಕತ್ವದ ಪ್ರಮಾಣಪತ್ರ, ಕರೆಂಟು ಬಿಲ್ಲು. 2024ರ ಜನವರಿಯಿಂದ ಕೇರಳದ ನಗರಸಭೆಗಳ ಸೇವೆ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿರುವುದರಿಂದ ಮಾಲಕರಿಗೆ ಇದು ದೊಡ್ಡ ಕಷ್ಟವಲ್ಲ. ಮೂರರಲ್ಲೂ ಒಂದೇ ಹೆಸರಿರಬೇಕು. ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದು ಪಾಲಾಗದ ಮನೆಯಾದರೆ, ಬಾಡಿಗೆ ವಸೂಲಿಗೆ ಯಾರಿಗೆ ಅಧಿಕಾರ ಎಂಬ ಬರಹ ಕೇಳಿ. ಇಲ್ಲವಾದರೆ ಮುಂಗಡ ಪಡೆದವರೊಬ್ಬರು, ಮನೆ ಬಿಡಿ ಎನ್ನುವವರು ಇನ್ನೊಬ್ಬರು.

ಕಟ್ಟಡ ಸಂಖ್ಯೆಯ ಜೊತೆ "ಯು.ಎ." ಎಂದಿದ್ದರೆ ಅದು ಅನುಮತಿಯಿಲ್ಲದೆ ಕಟ್ಟಿದ್ದು, ತೆರಿಗೆಗಾಗಿ ಮಾತ್ರ ಸಂಖ್ಯೆ ಕೊಟ್ಟದ್ದು ಎಂದರ್ಥ. ನಿಮ್ಮ ಕೋಣೆಗೆ ಸಂಖ್ಯೆಯೇ ಇಲ್ಲದಿದ್ದರೆ ವಿಳಾಸದ ದಾಖಲೆ, ಗ್ಯಾಸ್ ಸಂಪರ್ಕ ಎಲ್ಲ ಕಡೆ ಅಡ್ಡಿಯಾಗುತ್ತದೆ. ನೀವು ಸಂಬಳದಲ್ಲಿ ಮನೆಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಪಡೆಯುವವರಾದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದಾಗ ಮಾಲಕರ ಪಾನ್ ಸಂಖ್ಯೆ ಬೇಕು. ಸಿಗುತ್ತದೆಯೇ ಎಂದು ಈಗಲೇ ಕೇಳಿ, ಮಾರ್ಚಿನಲ್ಲಿ ಅಲ್ಲ.

ಹಂತ 6: ಕರಾರು, ಅದರ ಭಾಷೆ

ಇಲ್ಲಿ ಕರಾರು ಮಲಯಾಳದಲ್ಲಿ ಬರುವುದೇ ಹೆಚ್ಚು. ಮಾತಿನ ಮಲಯಾಳ ಬರುವವರಿಗೂ ದಸ್ತಾವೇಜಿನ ಮಲಯಾಳ ತೊಡಕು. "ಎಲ್ಲ ಮಾಮೂಲಿ ಬರಹ, ಒಪ್ಪು ಹಾಕಿ" ಎಂದರೆ ಹಾಕಬೇಡಿ. ಫೋಟೋ ತೆಗೆದು ಒಂದು ದಿನ ಸಮಯ ಕೇಳಿ. ನಿಮ್ಮ ನಡುವಿನ ಕರಾರು ಕನ್ನಡದಲ್ಲಿಯೂ ಇರಬಹುದು, ಎರಡು ಭಾಷೆಯಲ್ಲಿಯೂ ಇರಬಹುದು. ಎರಡು ಭಾಷೆಯಾದರೆ ಅರ್ಥಭೇದ ಬಂದಾಗ ಯಾವುದು ಅಂತಿಮ ಎಂಬ ಒಂದು ಸಾಲು ಸೇರಿಸಿ. ಗುರುತಿಸಬೇಕಾದ ಮಾತುಗಳಿವು:

ವಾಡಕ ಎಂದರೆ ಬಾಡಿಗೆ. ಕಾಲಾವಧಿ ನಮ್ಮ ಅವಧಿಯೇ. ಕುಡಿಶ್ಶಿಕ ಎಂದರೆ ಬಾಕಿ. ಅಟ್ಟಕುಟ್ಟಪ್ಪಣಿ ಎಂದರೆ ರಿಪೇರಿ ಕೆಲಸ. ಈ ಪದ ಯಾವ ಸಾಲಿನಲ್ಲಿ, ಯಾರ ತಲೆಗೆ ಬಿದ್ದಿದೆ ಎಂದು ಎರಡು ಸಲ ಓದಿಸಿ. ವೆಳ್ಳಕ್ಕರಂ ನೀರಿನ ಶುಲ್ಕ, ಕೆಟ್ಟಿಡ ನಿಕುತಿ ಕಟ್ಟಡ ತೆರಿಗೆ. ತೆರಿಗೆ ಮಾಲಕರದ್ದು, ನಿಮ್ಮ ಮೇಲೆ ಹಾಕಿದ್ದರೆ ತೆಗೆಸಿ. ಪಾಡಿಲ್ಲ ಎಂದರೆ ಕೂಡದು. ಒಳಿಯುಕ ಎಂದರೆ ಮನೆ ಬಿಟ್ಟುಕೊಡುವುದು. ಪಣಯಂ ಎಂಬ ಪದ ಕಂಡರೆ ಅಲ್ಲೇ ನಿಲ್ಲಿ: ಅದು ಬಾಡಿಗೆಯಲ್ಲ, ಅಡವು. ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ವ್ಯವಹಾರ, ನಮ್ಮಲ್ಲಿ ಭೋಗ್ಯ ಎನ್ನುವುದು. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ನಿಮ್ಮ ದುಡ್ಡು ಸಿಕ್ಕಿಬೀಳುತ್ತದೆ. ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ಹನ್ನೊಂದು ತಿಂಗಳು ಎಂದು ಬರೆಯುವುದು ಯಾಕೆಂದರೆ, ಒಂದು ವರ್ಷ ಮೀರಿದ ಬಾಡಿಗೆಯ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳು ಮುಗಿದ ಮರುದಿನ ಸಾಮಾನು ಹೊರಗೆ ಎಂದು ಹೆದರಬೇಡಿ. 1965ರ ಕೇರಳ ಕಟ್ಟಡ (ಗುತ್ತಿಗೆ ಮತ್ತು ಬಾಡಿಗೆ ನಿಯಂತ್ರಣ) ಕಾಯ್ದೆ ಅನ್ವಯವಾಗುವ ಪೇಟೆಗಳಲ್ಲಿ, ಕಾಯ್ದೆ ಹೇಳುವ ಕಾರಣಗಳಿದ್ದರೆ ಮಾತ್ರ, ಅದೂ ಬಾಡಿಗೆ ನಿಯಂತ್ರಣ ನ್ಯಾಯಾಲಯದ ಆದೇಶದ ಮೂಲಕವೇ ಒಕ್ಕಲೆಬ್ಬಿಸಬಹುದು. ಬಾಡಿಗೆ ಬಾಕಿಯೇ ಕಾರಣವಾದರೂ ಮೊದಲು ರಿಜಿಸ್ಟರ್ಡ್ ನೋಟೀಸು ಕೊಟ್ಟು ಬಾಕಿ ತೀರಿಸಲು 15 ದಿನ ಕೊಡಬೇಕು. ನೀರು, ಕರೆಂಟು ಕಡಿದು ಬಿಡಿಸುವುದಕ್ಕೆ ಕಾನೂನಿನಲ್ಲಿ ಎಡೆಯಿಲ್ಲ.

ಮುಂಗಡ ಎಷ್ಟು ಎಂಬುದು ಮಾತುಕತೆಯ ವಿಷಯ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿ ಹೇಳುತ್ತದೆ. ರಾಜ್ಯ ತನ್ನದಾಗಿ ಜಾರಿ ಮಾಡದೆ ಅದನ್ನು ಪಾಲಿಸಲೇಬೇಕೆಂದಿಲ್ಲ, ಚೌಕಾಸಿಗೆ ಮಾತ್ರ ಉಪಯೋಗ.

ಕರಾರಿನಲ್ಲಿ ಇರಲೇಬೇಕಾದ ಸಾಲುಗಳು: ಮಾಡಿನ ಸೋರಿಕೆ, ಗೋಡೆಯ ತೇವ, ಪಂಪು, ಒಳವೈರು, ಕಕ್ಕಸುಗುಂಡಿ ಮಾಲಕರ ಖರ್ಚು, ಬಲ್ಬು, ನಲ್ಲಿಯ ವಾಷರು ನಿಮ್ಮದು. ಸೋರಿಕೆ ತಿಳಿಸಿದ ಎಷ್ಟು ದಿನದೊಳಗೆ ರಿಪೇರಿ ಎಂಬ ಲೆಕ್ಕ. ಬಿಡುವಾಗ ಎರಡೂ ಕಡೆಗೆ ಒಂದೇ ನೋಟೀಸು ಅವಧಿ. "ಬಣ್ಣ ಹಾಕಲು ಒಂದು ತಿಂಗಳ ಬಾಡಿಗೆ ಕಡಿತ" ಎಂಬ ಸಾಲು ಸೇರಿಸಿದ್ದರೆ, ಮುರಕಲ್ಲಿನ ತೇವದಿಂದ ಹೋದ ಬಣ್ಣಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಬರೆಸಿ. ಮುಂಗಡದಲ್ಲಿ ಹೆಚ್ಚು ಜಗಳವಾಗುವುದು ಈ ಬಣ್ಣದ ಮೇಲೆಯೇ.

ಇನ್ನೊಂದು ಮಾತು. ಸರಕಾರಿ ಕಚೇರಿಗೆ ದೂರು ಕೊಡಬೇಕಾಗಿ ಬಂದರೆ ಕನ್ನಡದಲ್ಲೇ ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರಿಗೆ ಆ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಬಳಸದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಹಂತ 7: ಕೀಲಿಕೈ ಪಡೆಯುವ ದಿನ

ಸಾಮಾನು ಇಳಿಸುವ ಮುಂಚೆ ಖಾಲಿ ಕೋಣೆಯ ವೀಡಿಯೋ ಮಾಡಿ: ನಾಲ್ಕು ಗೋಡೆ, ಸೀಲಿಂಗ್, ಬಚ್ಚಲು, ಪ್ರತಿ ಸ್ವಿಚ್, ಕೊನೆಗೆ ಮೀಟರಿನ ಅಂಕೆ. ಅದನ್ನು ಆ ದಿನವೇ ಮಾಲಕರಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ತಾರೀಕಿಗೆ ಅದೇ ಸಾಕ್ಷಿ. ಮುಂಗಡ, ಬಾಡಿಗೆ ಎರಡನ್ನೂ ಬ್ಯಾಂಕಿನ ಮೂಲಕ, ಯಾವ ತಿಂಗಳದ್ದು ಎಂದು ಬರೆದು ಕಳುಹಿಸಿ. ಕೈಯಲ್ಲೇ ಬೇಕೆಂದರೆ ರಸೀದಿ ಪಡೆಯಿರಿ. ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕೆ ಮುಚ್ಚಿದ ಪ್ರತಿಯ ಮೇಲೆ "ಬಾಡಿಗೆ ಕರಾರಿಗೆ ಮಾತ್ರ" ಎಂದು ತಾರೀಕು ಹಾಕಿ ಕೊಡಿ.

ಕಸಕ್ಕೆ ಹರಿತ ಕರ್ಮ ಸೇನೆಯವರು (ನಗರಸಭೆಗಾಗಿ ಮನೆಮನೆಯ ಕಸ ಸಂಗ್ರಹಿಸುವವರು) ಬರುತ್ತಾರೆ. ಅವರು ಒಯ್ಯುವುದು ತೊಳೆದು ಒಣಗಿಸಿದ ಪ್ಲಾಸ್ಟಿಕ್‌ನಂಥ ಕೊಳೆಯದ ಕಸವನ್ನು. ತಿಂಗಳ ಶುಲ್ಕ ಮಾಲಕರದ್ದೋ ನಿಮ್ಮದೋ ಎಂದು ಕೇಳಿಕೊಳ್ಳಿ. ಅಡುಗೆಯ ಹಸಿಕಸಕ್ಕೆ ಹಿತ್ತಲಿನಲ್ಲಿ ಗೊಬ್ಬರದ ಪೈಪೋ ಬಕೆಟ್ಟೋ ಇಡಲು ಜಾಗ ಕೇಳಿ. ಒಂಟಿ ಕೋಣೆಯಲ್ಲಿ ಎರಡು ದಿನದ ಮೀನಿನ ಕಸ ಇಟ್ಟುಕೊಳ್ಳಲಾಗುವುದಿಲ್ಲ.

ಹಂತ 8: ಬಿಡುವಾಗ

ನೋಟೀಸನ್ನು ಬರಹದಲ್ಲಿ ಕೊಡಿ. ಬಿಡುವ ದಿನ ಮೀಟರಿನ ಫೋಟೋ ಮಾಲಕರ ಎದುರಲ್ಲೇ ತೆಗೆಯಿರಿ. ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಆದುದರಿಂದ "ಬಿಲ್ಲು ಬಂದ ಮೇಲೆ ಮುಂಗಡ ಕೊಡುತ್ತೇನೆ" ಎನ್ನುತ್ತಾರೆ, ಆಮೇಲೆ ಫೋನು ಎತ್ತುವುದಿಲ್ಲ. ಹಿಂದಿನ ಬಿಲ್ಲಿನ ದರ ಹಿಡಿದು ನಿಮ್ಮ ಯೂನಿಟ್‌ಗೆ ಲೆಕ್ಕ ಹಾಕಿ, ಅದರ ಮೇಲೆ ನೂರಿನ್ನೂರು ರೂಪಾಯಿ ಹೆಚ್ಚೇ ಹಿಡಿದು ಕಳೆದು, ಉಳಿದ ಮುಂಗಡವನ್ನು ಆ ದಿನವೇ ಕೇಳಿ. ಹಣ ಖಾತೆಗೆ ಬಂದದ್ದು ಫೋನಿನಲ್ಲಿ ಕಂಡ ಮೇಲೆ ಕೀಲಿಕೈ ಕೊಡಿ.